ಡಬ್ಬದಲ್ಲಿ ಬಂದ ಪ್ರಶ್ನೆಗಳು: ನೌಕಾಪಡೆಯ ಹಾರಾಟ, ಅದರ ಸುತ್ತಲಿನ ಬದುಕು



ಪ್ರಧಾನ ಭಾಷಣ ನಿಮ್ಮದು ಎಂದು ಸಂಘದವರು ಫೋನ್ ಮಾಡಿದಾಗ, ನನಗೆ ಭಾಷಣ ಮಾಡಿ ಗೊತ್ತಿಲ್ಲ, ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತೇನೆ ಅಂದೆ. ನೌಕಾಪಡೆಯಲ್ಲಿ ನಮಗಿದ್ದ ಅಭ್ಯಾಸ ಅದು. ಪ್ರತಿ ಹಾರಾಟ ಮುಗಿದ ಮೇಲೆ ಒಂದು ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ನಿನ್ನೆಯಿಂದ ನೋಂದಣಿ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬ ಇಟ್ಟಿದ್ದರು. ಅದರಲ್ಲಿ 43 ಚೀಟಿ ಬಂದಿವೆ. ರಾತ್ರಿ ಕೂತು ಎಲ್ಲವನ್ನೂ ಓದಿದೆ. ಎರಡು ಚೀಟಿ ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದೇನೆ, ಅವನ್ನು ಕೊನೆಗೆ ತೆಗೆಯುತ್ತೇನೆ.

ನನ್ನ ಪರಿಚಯ ಎರಡೇ ಮಾತು. ಊರು ಅಂಕೋಲಾ. ಭಾರತೀಯ ನೌಕಾಪಡೆಯಲ್ಲಿ ಮೊದಲು ಚೇತಕ್, ಆಮೇಲೆ ಸೀ ಕಿಂಗ್ ಹೆಲಿಕಾಪ್ಟರ್ ಹಾರಿಸಿದವನು. ಈಗ ಇಲ್ಲಿ ವಿಟ್ಬಿಯಲ್ಲಿ ಮಗಳ ಮನೆಯಲ್ಲಿ ಇದ್ದೇನೆ. ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವುದು ನನ್ನ ಸದ್ಯದ ಡ್ಯೂಟಿ.

ಮೊದಲ ಚೀಟಿ: "ವಿಟ್ಬಿಯಲ್ಲಿ ಸಮುದ್ರವೇ ಇಲ್ಲ, ಇಲ್ಲಿ ಕೂತು ನೌಕಾಪಡೆಯ ಮಾತು ಯಾಕೆ?"

ಸರಿಯಾದ ಪ್ರಶ್ನೆ. ಆದರೆ ಈ ಸಭಾಂಗಣದಿಂದ ಹೊರಗೆ ಬಂದರೆ ತಲೆ ಮೇಲೆ ಸಣ್ಣ ವಿಮಾನಗಳು ಸುತ್ತು ಹಾಕುವುದು ಕಾಣುತ್ತದಲ್ಲ, ಅವು ಪಕ್ಕದ ಆಶಾವಾ ವಿಮಾನ ನಿಲ್ದಾಣದವು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಪೈಲಟ್‌ಗಳ ಪ್ರಾಥಮಿಕ ಶಾಲೆ ಇತ್ತು. 401 ಹೆದ್ದಾರಿಯಲ್ಲಿ ಪೂರ್ವಕ್ಕೆ ಎರಡು ಗಂಟೆ ಹೋದರೆ ಕಿಂಗ್‌ಸ್ಟನ್. ಅಲ್ಲಿನ ಶಾಲೆ ಬ್ರಿಟಿಷ್ ನೌಕಾಪಡೆಯ ಪೈಲಟ್‌ಗಳನ್ನೇ ತಯಾರು ಮಾಡುತ್ತಿತ್ತು. ಬ್ರಿಟಿಷ್ ಕೊಲಂಬಿಯಾದ ರಾಬರ್ಟ್ ಹ್ಯಾಂಪ್ಟನ್ ಗ್ರೇ ಎಂಬ ಹುಡುಗ 1941ರಲ್ಲಿ ಪೈಲಟ್ ಆಗಿ ಹೊರಬಂದದ್ದು ಆ ಶಾಲೆಯಿಂದ. 1945ರ ಆಗಸ್ಟ್ 9ರಂದು ಫಾರ್ಮಿಡೆಬಲ್ ಎಂಬ ವಿಮಾನವಾಹಕ ನೌಕೆಯಿಂದ ಹಾರಿ, ಜಪಾನಿನ ಒನಾಗಾವಾ ಕೊಲ್ಲಿಯಲ್ಲಿ ಒಂದು ಯುದ್ಧನೌಕೆಯನ್ನು ಮುಳುಗಿಸಿ, ತಾನೂ ಅಲ್ಲೇ ಬಿದ್ದ. ಯುದ್ಧ ಮುಗಿಯಲು ಇನ್ನು ವಾರವೂ ಇರಲಿಲ್ಲ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಒನಾಗಾವಾದಲ್ಲಿ ಜಪಾನಿನವರೇ ಅವನ ಸ್ಮಾರಕಕ್ಕೆ ಜಾಗ ಕೊಟ್ಟರು ಎನ್ನುವುದು ನನಗೆ ಆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಿಹಿನೀರಿನಲ್ಲಿ ವಿಮಾನವಾಹಕ ನೌಕೆ ಇರುತ್ತದೆಯೇ ಎಂದು ಇನ್ನೊಬ್ಬರು ಕೇಳಿದ್ದಾರೆ. ತಮಾಷೆಗೆ ಕೇಳಿರಬೇಕು, ಆದರೆ ಇದ್ದವು. ಅದೇ ಯುದ್ಧದಲ್ಲಿ ಅಮೆರಿಕದವರು ಮಿಷಿಗನ್ ಸರೋವರದಲ್ಲಿ ಎರಡು ಹಳೆಯ ಚಕ್ರದ ಉಗಿಹಡಗುಗಳ ತಲೆ ಕತ್ತರಿಸಿ, ಮೇಲೆ ಮರದ ಹಾಗೂ ಉಕ್ಕಿನ ಡೆಕ್ ಹೊದಿಸಿ, ಶಿಕಾಗೋ ಎದುರಿಗೆ ಸಾವಿರಾರು ಪೈಲಟ್‌ಗಳಿಗೆ ಇಳಿಯುವುದನ್ನು ಕಲಿಸಿದರು. ವುಲ್ವರಿನ್, ಸೇಬಲ್ ಎಂದು ಅವುಗಳ ಹೆಸರು. ಹಡಗು ಚಲಿಸುತ್ತಿದ್ದರೆ ಸಾಕು, ನೀರು ಉಪ್ಪೋ ಸಿಹಿಯೋ ವಿಮಾನಕ್ಕೆ ಗೊತ್ತಾಗುವುದಿಲ್ಲ.

"ಭಾರತದ ನೌಕಾಪಡೆಗೂ ಕೆನಡಾದ ನೌಕಾಪಡೆಗೂ ಏನಾದರೂ ನಂಟಿದೆಯೇ?"

ಇದೆ, ಒಡಹುಟ್ಟಿದವರ ನಂಟು. ನಮ್ಮ ಹಳೆಯ ವಿಕ್ರಾಂತ್, ಕೆನಡಾದ ಬೊನಾವೆಂಚರ್, ಇವೆರಡೂ ಅಕ್ಕತಂಗಿ ಹಡಗುಗಳು. ಬ್ರಿಟನ್ ಯುದ್ಧಕಾಲದಲ್ಲಿ ಕಟ್ಟಲು ಶುರು ಮಾಡಿ, ಯುದ್ಧ ಮುಗಿದ ಮೇಲೆ ಅರ್ಧಕ್ಕೆ ಬಿಟ್ಟ ಒಂದೇ ಮಾದರಿಯ ಹಡಗುಗಳು. ಒಂದರ ಮೊದಲ ಹೆಸರು ಪವರ್‌ಫುಲ್, ಇನ್ನೊಂದರದು ಹರ್ಕ್ಯುಲಿಸ್. ಎರಡೂ ಪೂರ್ತಿಯಾದದ್ದು ಬೆಲ್‌ಫಾಸ್ಟ್‌ನ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ. ಟೈಟಾನಿಕ್ ಕಟ್ಟಿದವರೂ ಅವರೇ, ಆದರೆ ಅದನ್ನು ನಾವು ಡೆಕ್ ಮೇಲೆ ನಿಂತು ಮಾತಾಡುತ್ತಿರಲಿಲ್ಲ! ಬೊನಾವೆಂಚರ್ 1957ರ ಜನವರಿಯಲ್ಲಿ ಕೆನಡಾಕ್ಕೆ ಸೇರಿತು. ಅದೇ ವರ್ಷ ಭಾರತ ಹರ್ಕ್ಯುಲಿಸ್ ಅನ್ನು ಕೊಂಡಿತು. 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತ್ ಅವರು ಬೆಲ್‌ಫಾಸ್ಟ್‌ನಲ್ಲಿ ಅದನ್ನು ವಿಕ್ರಾಂತ್ ಆಗಿ ಸೇವೆಗೆ ಸೇರಿಸಿದರು. ಮೇ 18ರಂದು ಅದರ ಮೇಲೆ ಇಳಿದ ಮೊದಲ ಭಾರತೀಯ ಪೈಲಟ್ ತಹಿಲಿಯಾನಿ. ಆಗ ಅವರು ಲೆಫ್ಟಿನೆಂಟ್, ಎಂಬತ್ತರ ದಶಕದಲ್ಲಿ ನೌಕಾಪಡೆಯ ಮುಖ್ಯಸ್ಥರಾದರು.

ಕೆನಡಾದ ಅಕ್ಕನ ಆಯುಷ್ಯ ಹದಿಮೂರೇ ವರ್ಷ. 1970ರಲ್ಲಿ ಅದನ್ನು ಸೇವೆಯಿಂದ ಬಿಡಿಸಿ ಒಡೆಯಲು ಕಳಿಸಿದರು. ಆಮೇಲೆ ಕೆನಡಾ ಇನ್ನೊಂದು ವಿಮಾನವಾಹಕ ನೌಕೆ ಇಟ್ಟುಕೊಳ್ಳಲೇ ಇಲ್ಲ. ನಮ್ಮ ತಂಗಿ 1971ರ ಯುದ್ಧದಲ್ಲಿ, ಒಂದು ಬಾಯ್ಲರ್ ಕೆಟ್ಟಿದ್ದರೂ, ಡಿಸೆಂಬರ್ 4ರಂದು ಸೀ ಹಾಕ್ ವಿಮಾನಗಳನ್ನು ಕಾಕ್ಸ್ ಬಜಾರ್ ಮೇಲೆ ಕಳಿಸಿದಳು. 1997ರವರೆಗೆ ದುಡಿದಳು. ಎಂಬತ್ತರ ದಶಕದಲ್ಲಿ ನಾನು ಅವಳ ಮೇಲೆ ಚೇತಕ್‌ನಲ್ಲಿ ಕಾವಲು ಕಾದಿದ್ದೇನೆ. ಕಾವಲು ಅಂದರೆ, ಜೆಟ್ ವಿಮಾನಗಳು ಏರುವಾಗ ಇಳಿಯುವಾಗ ಹಡಗಿನ ಪಕ್ಕದಲ್ಲೇ ಒಂದು ಹೆಲಿಕಾಪ್ಟರ್ ಹಾರುತ್ತಿರಬೇಕು. ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು. ಆ ಕೆಲಸ ಚೆನ್ನಾಗಿ ನಡೆದ ದಿನ ಅಂದರೆ ನಾವು ಏನೂ ಮಾಡದ ದಿನ. ಮದುವೆ ಮನೆಯಲ್ಲಿ ಅಗ್ನಿಶಾಮಕದವರು ಕೂತ ಹಾಗೆ.

ಕೆನಡಾದಿಂದ ನಮಗೆ ಬಂದದ್ದು ಇನ್ನೊಂದಿದೆ. ಸಣ್ಣ ಯುದ್ಧನೌಕೆಯ ಹಿಂಭಾಗದಲ್ಲಿ ಒಂಬತ್ತು ಟನ್ ತೂಕದ ಸೀ ಕಿಂಗ್ ಇಳಿಸುವುದು ಆಗದ ಕೆಲಸ ಎಂದು ಉಳಿದವರು ಕೈಬಿಟ್ಟಿದ್ದಾಗ, ಅರವತ್ತರ ದಶಕದಲ್ಲಿ ನೋವಾ ಸ್ಕೋಷಿಯಾದ ಡಾರ್ಟ್‌ಮತ್‌ನಲ್ಲಿ ಕೆನಡಾದವರು ಒಂದು ಉಪಾಯ ಕಂಡುಹಿಡಿದರು. ಹೆಲಿಕಾಪ್ಟರಿನಿಂದ ಸಣ್ಣ ತಂತಿ ಇಳಿಬಿಡುತ್ತಾರೆ, ಡೆಕ್ ಮೇಲಿನ ಹುಡುಗರು ಅದಕ್ಕೆ ದಪ್ಪ ಕೇಬಲ್ ಸಿಕ್ಕಿಸುತ್ತಾರೆ, ಹಡಗಿನ ಯಂತ್ರ ಆ ಕೇಬಲ್ ಅನ್ನು ಬಿಗಿಯಾಗಿ ಹಿಡಿದು ಹೆಲಿಕಾಪ್ಟರನ್ನು ಡೆಕ್ಕಿನ ನಡುವಿಗೆ ಎಳೆಯುತ್ತದೆ. ಚಕ್ರ ತಾಗುತ್ತಿದ್ದಂತೆ ಕೆಳಗಿರುವ ಉಕ್ಕಿನ ದವಡೆ ಅದರ ಹೊಟ್ಟೆಯ ಗೂಟವನ್ನು ಕಚ್ಚಿ ಹಿಡಿಯುತ್ತದೆ. ಇದಕ್ಕೆ ಬೇರ್‌ಟ್ರ್ಯಾಪ್ ಎಂದು ಹೆಸರು, ಕರಡಿ ಹಿಡಿಯುವ ಬೋನು. ಮುಂದೆ ನಮ್ಮ ತಾರಾಗಿರಿ, ವಿಂಧ್ಯಗಿರಿ ನೌಕೆಗಳಲ್ಲೂ ಇದೇ ವ್ಯವಸ್ಥೆ ಬಂತು. ಇಲ್ಲಿ ಚಳಿಗಾಲದಲ್ಲಿ ಕಾರು ಜಾರಿದಾಗೆಲ್ಲ ನನಗೆ ಆ ದವಡೆಯ ನೆನಪಾಗುತ್ತದೆ.

"ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಸ್ವಾಮಿ? ಎಚ್‌ಎಎಲ್‌ನಲ್ಲಿ 31 ವರ್ಷ ಕೆಲಸ ಮಾಡಿದವನು ಕೇಳುತ್ತಿದ್ದೇನೆ."

ಸ್ವಾಮಿ, ಉತ್ತರ ನಿಮಗೇ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಕು ಎಂದು ಬರೆದಿದ್ದೀರಿ. ಹೇಳುತ್ತೇನೆ. ನಾನು ಹಾರಿಸಿದ ಚೇತಕ್ ಬೆಂಗಳೂರಿನಲ್ಲಿ ಕಟ್ಟಿದ್ದು. ಒಂದೇ ಎಂಜಿನ್ನು, ಮೂರು ಚಕ್ರ, ಎದುರಿಗೆ ಗಾಜಿನ ದೊಡ್ಡ ಗುಮ್ಮಟ. ಅದರೊಳಗೆ ಕೂತರೆ ಅಂಗಡಿಯ ಭರಣಿಯಲ್ಲಿ ಕೂತ ಪೆಪ್ಪರ್‌ಮಿಂಟ್ ಥರ ಇರುತ್ತಿದ್ದೆವು. ಅದರ ಬಗ್ಗೆ ಕೆಟ್ಟ ಮಾತು ನನ್ನಿಂದ ಬರುವುದಿಲ್ಲ.

ಆಮೇಲೆ ತೇಜಸ್‌ನ ನೌಕಾ ಮಾದರಿ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಿಂದ ಅದು ಮೊದಲು ಹಾರಿದ್ದು 2012ರ ಏಪ್ರಿಲ್ 27ರಂದು. ಗೋವಾದ ಹಂಸಾ ನೆಲೆಯಲ್ಲಿ, ನೆಲದ ಮೇಲೆಯೇ ಹಡಗಿನ ಡೆಕ್ಕಿನ ನಕಲು ಕಟ್ಟಿ, ಮೂತಿ ಮೇಲೆತ್ತಿದ ಓಡುದಾರಿಯಿಂದ 2014ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಜಿಗಿಸಿದರು. 2020ರ ಜನವರಿ 11ರಂದು ಕೊಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಆ ದಿನ ನಾನು ಇಲ್ಲೇ ಇದ್ದೆ. ಹೊರಗೆ ಹಿಮ. ಫೋನಿನಲ್ಲಿ ಆ ತುಣುಕನ್ನು ಎಷ್ಟು ಸಲ ನೋಡಿದೆ ಎಂದರೆ ಮಗಳು ಫೋನ್ ಕಸಿದುಕೊಂಡು ಚಹಾ ಕುಡಿಸಿದಳು.

ಅದರಲ್ಲಿ ಏನು ದೊಡ್ಡದು ಎಂದು ಕೇಳುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾನ ಗಂಟೆಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಬಂದು ನೂರು ಮೀಟರಿನೊಳಗೆ ನಿಲ್ಲಬೇಕು. ಬಾಲದ ಕೆಳಗೆ ಒಂದು ಕೊಕ್ಕೆ ಇರುತ್ತದೆ. ಡೆಕ್ಕಿಗೆ ಅಡ್ಡಲಾಗಿ ಉಕ್ಕಿನ ತಂತಿಗಳನ್ನು ಹಾಸಿರುತ್ತಾರೆ, ಕೊಕ್ಕೆ ಅವುಗಳಲ್ಲಿ ಒಂದನ್ನು ಹಿಡಿಯಬೇಕು. ಈಗ ನೀವು ಪೈಲಟ್ ಎಂದುಕೊಳ್ಳಿ. ಚಕ್ರ ಡೆಕ್ಕಿಗೆ ತಾಗಿತು. ಏನು ಮಾಡುತ್ತೀರಿ? ಬ್ರೇಕ್ ಒತ್ತುತ್ತೀರಿ, ಎಂಜಿನ್ ಇಳಿಸುತ್ತೀರಿ ಅಲ್ಲವೇ? ಇಲ್ಲ. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುತ್ತಾರೆ. ಕೊಕ್ಕೆ ತಂತಿ ಹಿಡಿಯದೆ ಹೋದರೆ ಮುಂದೆ ಬರೇ ಗಾಳಿ, ಅದರ ಕೆಳಗೆ ನೀರು. ಆಗ ಮತ್ತೆ ಹಾರಿಬಿಡಲು ವೇಗ ಬೇಕು. ನಿಲ್ಲಬೇಕಾದ ಕ್ಷಣದಲ್ಲೇ ಓಡಲು ಸಿದ್ಧರಾಗುವುದು ಅವರ ಕಲೆ. ನಾನು ಹೆಲಿಕಾಪ್ಟರಿನವನು, ಅವರನ್ನು ಕಂಡರೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು.

ಸಣ್ಣ ಸಣ್ಣ ಚೀಟಿಗಳಿವೆ, ಬೇಗ ಮುಗಿಸುತ್ತೇನೆ. ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ? ಸಿಗುತ್ತದೆ, ಆದರೆ ಇಪ್ಪತ್ತನೇ ದಿನಕ್ಕೆ ತರಕಾರಿ ಅಂದರೆ ಆಲೂಗಡ್ಡೆ ಮಾತ್ರ. ವಾಂತಿ ಬರುತ್ತದೆಯೇ? ಬರುತ್ತದೆ, ಮೀನುಗಾರರ ಊರಿನವನಾದ ನನಗೂ ಬಂದಿದೆ, ಹೆಲಿಕಾಪ್ಟರ್ ಹತ್ತಿದರೆ ನಿಲ್ಲುತ್ತಿತ್ತು. ಆಕಾಶದಿಂದ ತಿಮಿಂಗಿಲ ನೋಡಿದ್ದೀರಾ? ನೋಡಿದ್ದೇನೆ. ಸೋನಾರ್‌ನಲ್ಲಿ ಅದನ್ನು ಜಲಾಂತರ್ಗಾಮಿ ಎಂದು ತಿಳಿದು ಒಂದು ಗಂಟೆ ಬೆನ್ನಟ್ಟಿದ್ದೂ ಇದೆ. ಕಾರವಾರಕ್ಕೆ ಹೋದರೆ ಏನು ನೋಡಬೇಕು? ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಅದರ ಹತ್ತಿರ ಈಗ ಟುಪೊಲೆವ್ 142 ವಿಮಾನವೂ ಬಂದಿದೆ. 1988ರಿಂದ 2017ರವರೆಗೆ ಹಿಂದೂ ಮಹಾಸಾಗರ ಕಾಯ್ದ ದೈತ್ಯ ಅದು. ಒಂದೊಂದು ಎಂಜಿನ್ನಿಗೂ ಎದುರು ಬದುರು ತಿರುಗುವ ಎರಡೆರಡು ಪ್ರೊಪೆಲ್ಲರ್ ಇರುವುದನ್ನು ಮಕ್ಕಳಿಗೆ ತೋರಿಸಿ. ಹಾಗೇ ಕದಂಬ ನೌಕಾನೆಲೆಯ ಬೇಲಿ ಕಂಡಾಗ, ಅದಕ್ಕಾಗಿ ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಎದ್ದವು ಎನ್ನುವುದನ್ನೂ ಹೇಳಿ. ನಮ್ಮ ಜಿಲ್ಲೆಯಲ್ಲಿ ನೌಕಾಪಡೆ ಅಂದರೆ ಹೆಮ್ಮೆಯೂ ಹೌದು, ಕಳೆದುಕೊಂಡದ್ದೂ ಹೌದು. ಎರಡನ್ನೂ ಒಂದೇ ಮನೆಯಲ್ಲಿ ನೋಡಬಹುದು.

ಸಂಬಳ ಎಷ್ಟಿತ್ತು ಎಂದು ಮೂವರು ಕೇಳಿದ್ದೀರಿ. ಕನ್ನಡಿಗರು ನೇರವಾಗಿ ಕೇಳುವುದಿಲ್ಲ ಎನ್ನುವ ಮಾತು ಸುಳ್ಳಾಯಿತು. ಊಟಕ್ಕೆ ಕೂತಾಗ ಹೇಳುತ್ತೇನೆ.

ಈಗ ಇನ್ನೊಂದು ಚೀಟಿ, ಇದಕ್ಕೆ ಸಮಯ ಬೇಕು. "ರಾತ್ರಿ ಸಮುದ್ರದ ಮೇಲೆ ಹಾರುವುದು ಹೇಗಿರುತ್ತದೆ?"

ಅಮಾವಾಸ್ಯೆಯ ರಾತ್ರಿ, ಮೋಡ ಇದ್ದು, ದಡದಿಂದ ನೂರು ಮೈಲಿ ದೂರ ಹೋದರೆ ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ದೂರದ ಮೀನು ದೋಣಿಯ ದೀಪ ನಕ್ಷತ್ರದ ಥರ ಕಾಣುತ್ತದೆ, ನಕ್ಷತ್ರ ದೋಣಿಯ ಥರ. ನಮ್ಮ ಕಿವಿಯೊಳಗೆ ನೀರು ತುಂಬಿದ ಸಣ್ಣ ಕೊಳವೆಗಳಿವೆ, ಅವು ನಾವು ವಾಲುತ್ತಿದ್ದೇವೋ ನೆಟ್ಟಗಿದ್ದೇವೋ ಎಂದು ಮೆದುಳಿಗೆ ಹೇಳುತ್ತವೆ. ಆದರೆ ತುಂಬಾ ನಿಧಾನವಾಗಿ ವಾಲಿದರೆ ಆ ನೀರಿಗೆ ತಿಳಿಯುವುದೇ ಇಲ್ಲ. ಆಮೇಲೆ ಸರಿಪಡಿಸಿಕೊಂಡರೆ, ಈಗ ವಾಲಿದ್ದೀ ಎಂದು ಕೂಗುತ್ತದೆ. ಹಾಗಾಗಿ ಮೊದಲ ದಿನದಿಂದ ಕಲಿಸುವುದು ಒಂದೇ. ಮೈ ಹೇಳುವುದನ್ನು ನಂಬಬೇಡ, ಎದುರಿನ ಮುಳ್ಳನ್ನು ನಂಬು. ಬಾಯಲ್ಲಿ ಹೇಳುವುದು ಸುಲಭ. ನಲವತ್ತು ವರ್ಷ ನಿಮ್ಮ ಜೊತೆ ಇದ್ದು ನಡೆಯಲು ಕಲಿಸಿದ ಮೈಯನ್ನು ಒಂದು ಗಡಿಯಾರದ ಮಾತು ಕೇಳಿ ಸುಳ್ಳುಗಾರ ಎನ್ನಬೇಕು.

ಸೀ ಕಿಂಗ್‌ನಲ್ಲಿ ನಮ್ಮ ಕೆಲಸ ಜಲಾಂತರ್ಗಾಮಿ ಹುಡುಕುವುದು. ನೀರಿನಿಂದ ನಲವತ್ತು ಐವತ್ತು ಅಡಿ ಎತ್ತರಕ್ಕೆ ಇಳಿದು, ಅಲ್ಲೇ ನಿಂತು, ಕೇಬಲ್ ಕಟ್ಟಿದ ಸೋನಾರ್ ಅನ್ನು ಬಾವಿಗೆ ಕೊಡಪಾನ ಬಿಟ್ಟಂತೆ ಸಮುದ್ರಕ್ಕೆ ಇಳಿಸಿ ಕೇಳಿಸಿಕೊಳ್ಳುತ್ತೇವೆ. ಮತ್ತೆ ಮೇಲೆತ್ತಿ ಇನ್ನೊಂದು ಕಡೆ. ರಾತ್ರಿಯಿಡೀ. ಐವತ್ತು ಅಡಿ ಅಂದರೆ ಊರಿನ ಒಂದು ತೆಂಗಿನ ಮರ. ರೆಕ್ಕೆಯ ಗಾಳಿಗೆ ಎದ್ದ ಉಪ್ಪುನೀರು ಗಾಜಿಗೆ ಹೊಡೆಯುತ್ತಿರುತ್ತದೆ, ಹೊರಗೆ ಕಾಡಿಗೆ ಬಳಿದ ಹಾಗೆ.

ಅಂಥ ಒಂದು ರಾತ್ರಿ ಅರಬ್ಬೀ ಸಮುದ್ರದ ಮೇಲೆ, ನಾನು ಬಲಗಡೆ ಸೀಟಿನಲ್ಲಿ ಕ್ಯಾಪ್ಟನ್ ಆಗಿ ಕೂತಿದ್ದೆ. ಪಕ್ಕದಲ್ಲಿ ಆ ತಿಂಗಳಷ್ಟೇ ಸ್ಕ್ವಾಡ್ರನ್ನಿಗೆ ಬಂದ ಹುಡುಗ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಎದುರಿಗೆ ಚಹಾ ಕುಡಿಯಲೂ ಸಂಕೋಚಪಡುತ್ತಿದ್ದ. ಇಳಿಯುತ್ತಿದ್ದೆವು. ನಾನು ನೆಟ್ಟಗಿದ್ದೇನೆ ಎನ್ನುವುದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಆಗ ಆ ಹುಡುಗ "ಸರ್, ಎಡಕ್ಕೆ ವಾಲುತ್ತಿದ್ದೀರಿ" ಅಂದ. ನಾನು ಇಲ್ಲ ಅಂದೆ. ಎರಡನೇ ಸಲ ಅವನು ಸರ್ ಅನ್ನಲಿಲ್ಲ. "ವಾಲುತ್ತಿದ್ದೀರಿ, ಮುಳ್ಳು ನೋಡಿ" ಎಂದು ಕೂಗಿದ. ನೋಡಿದೆ. ಮುಳ್ಳು ಅವನ ಕಡೆ ಇತ್ತು. ನನ್ನ ಇಡೀ ಮೈ ನನ್ನ ಕಡೆ ಇತ್ತು. "ನೀನು ಹಾರಿಸು" ಎಂದು ಕೋಲು ಬಿಟ್ಟೆ. ಅವನು ಏರಿಸಿದ.

ಇಷ್ಟೇ ಆದದ್ದು. ಪತ್ರಿಕೆಯಲ್ಲಿ ಬರುವಂಥದ್ದೇನೂ ಅಲ್ಲ. ಹಡಗಿಗೆ ಬಂದ ಮೇಲೆ ಎಲ್ಲರ ಎದುರಿಗೆ ಅದನ್ನು ಹೇಳಿದೆ. ದಿಕ್ಕು ತಪ್ಪಿದವನು ನಾನು, ಹಿಡಿದವನು ಅವನು. ಹೇಳುವಾಗ ನಾಚಿಕೆ ಆಯಿತು, ಮುಚ್ಚಿಟ್ಟುಕೊಳ್ಳುವುದಿಲ್ಲ. ನಮ್ಮ ಕಡೆ ಹಿರಿಯರು ತಪ್ಪಿದರೆ ಕಿರಿಯರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಬೆಳೆಸುತ್ತಾರೆ. ಆ ಹುಡುಗನನ್ನೂ ಹಾಗೇ ಬೆಳೆಸಿದ್ದರು. ಅವನು ಎರಡನೇ ಸಲ ಕೂಗದೆ ಹೋಗಿದ್ದರೆ ಇವತ್ತು ನಿಮಗೆ ಬೇರೆ ಯಾರೋ ಭಾಷಣ ಮಾಡುತ್ತಿದ್ದರು.

ಅದರ ಹಿಂದೆಯೇ ಬರುವ ಪ್ರಶ್ನೆ ಒಂದು ಚೀಟಿಯಲ್ಲಿದೆ. "ನೀರಿಗೆ ಬಿದ್ದರೆ?" ಹೆಲಿಕಾಪ್ಟರಿನ ಎಂಜಿನ್, ಗೇರುಪೆಟ್ಟಿಗೆ, ಎಲ್ಲ ಭಾರ ತಲೆ ಮೇಲೆ. ನೀರಿಗೆ ಬಿದ್ದ ತಕ್ಷಣ ಮಗುಚಿಕೊಳ್ಳುತ್ತದೆ. ಅದಕ್ಕೆ ತರಬೇತಿ ಇದೆ. ಕೊಳದ ಮೇಲೆ ಹೆಲಿಕಾಪ್ಟರಿನ ಡಬ್ಬಿಯಂಥದ್ದನ್ನು ತೂಗುಹಾಕಿ, ನಿಮ್ಮನ್ನು ಒಳಗೆ ಕಟ್ಟಿ ಕೂರಿಸಿ, ನೀರಿಗೆ ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. ಆಮೇಲೆ ದೀಪ ಆರಿಸಿ ಮತ್ತೊಂದು ಸಲ. ಒಂದು ಕೈ ಕಿಟಕಿಯ ಅಂಚಿನ ಮೇಲೆ ಇಟ್ಟಿರಬೇಕು, ಯಾವ ಕಾರಣಕ್ಕೂ ಅದನ್ನು ಬಿಡಬಾರದು. ತಿರುಗುವುದು ನಿಲ್ಲುವವರೆಗೆ ಕಾಯಬೇಕು. ಕಿಟಕಿ ತಳ್ಳಬೇಕು. ಬೆಲ್ಟ್ ಬಿಚ್ಚುವುದು ಕೊನೆಗೆ. ಎಲ್ಲರಿಗೂ ಮೊದಲು ಬೆಲ್ಟ್ ಬಿಚ್ಚಬೇಕು ಅನಿಸುತ್ತದೆ. ಬಿಚ್ಚಿದರೆ ತೇಲಿಹೋಗುತ್ತೀರಿ, ಬಾಗಿಲು ಎಲ್ಲಿ ಎಂದು ತಿಳಿಯುವುದಿಲ್ಲ. ನೋವಾ ಸ್ಕೋಷಿಯಾದಲ್ಲಿ ತೈಲಬಾವಿಗೆ ಹೋಗುವ ಕಾರ್ಮಿಕರಿಗೂ ಇದನ್ನು ಕಲಿಸುತ್ತಾರೆ. ನಮ್ಮ ಹುಡುಗರು ಯಾರಾದರೂ ಆ ಕೆಲಸದಲ್ಲಿದ್ದರೆ ಕೇಳಿ ನೋಡಿ.

ಇನ್ನು ಜೇಬಿನ ಚೀಟಿಗಳು.

ಒಂದು ಕನ್ನಡದಲ್ಲಿದೆ, ದುಂಡಗಿನ ಅಕ್ಷರ. "ನನ್ನ ಮಗಳಿಗೆ 17. ಹಡಗಿನಿಂದ ಹೆಲಿಕಾಪ್ಟರ್ ಹಾರಿಸುತ್ತೇನೆ ಅನ್ನುತ್ತಾಳೆ. ನಾವು ಹೇಳಿದರೆ ಕೇಳುವುದಿಲ್ಲ. ಅನುಭವ ಇರುವ ನೀವು ವೇದಿಕೆಯಿಂದ ಬೇಡ ಎಂದು ಹೇಳಿದರೆ ಉಪಕಾರವಾಗುತ್ತದೆ." ಹೆಸರಿಲ್ಲ.

ಇನ್ನೊಂದು ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ. "ಅಂಕಲ್, ನೀವು ನಿಮ್ಮ ಅಮ್ಮನಿಗೆ ಹೇಗೆ ಹೇಳಿದಿರಿ?" ಹೆಸರಿಲ್ಲ. ಆದರೆ ಎರಡೂ ಒಂದೇ ಪುಸ್ತಕದಿಂದ ಹರಿದ ಹಾಳೆಗಳು, ಒಂದೇ ಹಸಿರು ಪೆನ್ನು.

ಅಮ್ಮಾ, ನೀವು ಎಲ್ಲಿ ಕೂತಿದ್ದೀರೋ ನನಗೆ ಗೊತ್ತಿಲ್ಲ. ಬೇಡ ಎಂದು ಈ ವೇದಿಕೆಯಿಂದ ಹೇಳಲಾರೆ. ಹೋಗು ಎಂದೂ ಹೇಳುವುದಿಲ್ಲ. ಕೆಲವು ಸಂಗತಿ ಹೇಳುತ್ತೇನೆ.

ನೀವು ಹೆದರುವುದು ಸುಳ್ಳು ಹೆದರಿಕೆ ಅಲ್ಲ. 2020ರ ಏಪ್ರಿಲ್ 29ರಂದು ಕೆನಡಾದ ಫ್ರೆಡರಿಕ್ಟನ್ ನೌಕೆಯ ಸೈಕ್ಲೋನ್ ಹೆಲಿಕಾಪ್ಟರ್ ಗ್ರೀಸ್ ಬಳಿಯ ಸಮುದ್ರದಲ್ಲಿ ಹಡಗಿಗೆ ಮರಳುವಾಗ ಬಿತ್ತು, ಆರು ಜನ ಹೋದರು. ಯುದ್ಧ ಇರಲಿಲ್ಲ. ನಮ್ಮ ಕೆಲಸದಲ್ಲಿ ಸತ್ತವರಲ್ಲಿ ಹೆಚ್ಚಿನವರು ಶಾಂತಿಕಾಲದಲ್ಲೇ ಸತ್ತವರು. ಹ್ಯಾಲಿಫ್ಯಾಕ್ಸ್‌ಗೆ ಹೋದರೆ ಪಾಯಿಂಟ್ ಪ್ಲೆಸೆಂಟ್ ಪಾರ್ಕಿನಲ್ಲಿ ಬೊನಾವೆಂಚರ್ ಹಡಗಿನ ಲಂಗರು ಇಟ್ಟಿದ್ದಾರೆ, ಶಾಂತಿಕಾಲದಲ್ಲಿ ಸೇವೆಯಲ್ಲಿದ್ದು ತೀರಿಕೊಂಡವರ ನೆನಪಿಗೆ. ನಾನು, ನನ್ನ ಹೆಂಡತಿ ಅಲ್ಲಿ ನಿಂತಿದ್ದೆವು. ಅವಳು ಏನೂ ಮಾತಾಡಲಿಲ್ಲ. ನೌಕಾಪಡೆಯ ಕ್ವಾರ್ಟರ್ಸ್‌ನಲ್ಲಿದ್ದಾಗ, ಹೆಲಿಕಾಪ್ಟರ್ ತಡವಾದ ರಾತ್ರಿ ಹೆಂಗಸರೆಲ್ಲ ದೀಪ ಆರಿಸದೆ ಕೂತಿರುತ್ತಿದ್ದರು. ಬಿಳಿ ಸಮವಸ್ತ್ರದವರ ಕಾರು ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ನೋಡುತ್ತ.

ಒಂದು ಸಲ ಆ ಕಾರಿನಿಂದ ಇಳಿದವನು ನಾನು. ನನ್ನ ಜೊತೆಯವನು, ಒಂದೇ ಬ್ಯಾಚಿನಲ್ಲಿ ಕಲಿತವನು, ಒಂದು ರಾತ್ರಿ ಹಾರಾಟದಿಂದ ಮರಳಲಿಲ್ಲ. ಅವನ ಊರಿಗೆ ಹೋಗಿ ಅವನ ತಂದೆಗೆ ಹೇಳುವುದು ನನ್ನ ಪಾಲಿಗೆ ಬಂತು. ತಂದೆ ನಿವೃತ್ತ ಮೇಷ್ಟ್ರು. ಎಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, "ಅವನು ಕಾಲುಚೀಲ ಹಾಕಿಕೊಂಡಿದ್ದನೇನಪ್ಪಾ? ಅವನಿಗೆ ಕಾಲು ಬೇಗ ತಣ್ಣಗಾಗುತ್ತದೆ" ಅಂದರು. ಹೌದು, ಹಾಕಿಕೊಂಡಿದ್ದ ಅಂದೆ. ನನಗೆ ಗೊತ್ತಿದ್ದದ್ದು ಅದೊಂದೇ. ಅವತ್ತು ನಾವು ಒಟ್ಟಿಗೆ ಬಟ್ಟೆ ಹಾಕಿಕೊಂಡಿದ್ದೆವು.

ಇದನ್ನೆಲ್ಲ ಕೇಳಿದ ಮೇಲೂ ಬೇಡ ಎನ್ನಲು ಯಾಕೆ ಆಗುವುದಿಲ್ಲ ಅಂದರೆ, ನಾನು ಹದಿಮೂರು ವರ್ಷ ಬಾಳಿದ ಸುಳ್ಳಿನಿಂದ. ಮಗಳೇ, ಇದು ನಿನ್ನ ಚೀಟಿಗೆ ಉತ್ತರ. ನಾನು ನನ್ನ ಆಯಿಗೆ ಹೇಳಲೇ ಇಲ್ಲ. ಹಡಗಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ ಅಂದಿದ್ದೆ. ರಜೆಗೆ ಬಂದಾಗ ಅವಳು ದೋಸೆ ಹುಯ್ಯುತ್ತ, ಬಿಸಿಲಿಗೆ ಹೋಗಬೇಡ, ಒಳಗೇ ಕೂತು ಬರೆ ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕೊನೆಗೆ ನೆರೆಮನೆಯ ಹುಡುಗ ಒಂದು ಫೋಟೊ ನೋಡಿ ಅವಳಿಗೆ ಹೇಳಿದ. ಅವಳು ಅಳಲಿಲ್ಲ, ಹೆದರಲಿಲ್ಲ. ಸಿಟ್ಟಾದಳು. "ಹದಿಮೂರು ವರ್ಷ ನಾನು ಯಾವ ದೇವರಿಗೆ ಏನು ಕೇಳಿಕೊಂಡೆನೋ? ನಿನ್ನ ಕಣ್ಣು ಚೆನ್ನಾಗಿರಲಿ, ಲೆಕ್ಕ ತಪ್ಪದಿರಲಿ ಎಂದು ಕೇಳಿಕೊಂಡೆ. ಗಾಳಿ ಬಗ್ಗೆ ಒಂದು ಮಾತೂ ಕೇಳಲಿಲ್ಲವಲ್ಲೋ" ಅಂದಳು. ಆಮೇಲೆ ಅವಳು ಇದ್ದಷ್ಟು ದಿನ, ಫೋನಿನಲ್ಲಿ ಮೊದಲ ಪ್ರಶ್ನೆ, ಅಲ್ಲಿ ಗಾಳಿ ಹೇಗಿದೆ ಎಂಬುದು.

ಬೇಡ ಅನ್ನಿಸಿಕೊಂಡ ಮಕ್ಕಳು ಹೋಗದೆ ಇರುವುದಿಲ್ಲ ಅಮ್ಮಾ, ಹೇಳದೆ ಹೋಗುತ್ತಾರೆ. ಎಲ್ಲರೂ ಹಾಗೆ ಎನ್ನುವುದಿಲ್ಲ. ನಾನು ಹಾಗಿದ್ದೆ.

ಆ ಹುಡುಗಿಗೆ ಉಪಯೋಗಕ್ಕೆ ಬರುವ ಮಾತು. ಕೆನಡಾದಲ್ಲಿ ಹಡಗಿನ ಹೆಲಿಕಾಪ್ಟರ್ ಹಾರಿಸುವವರು ನೌಕಾಪಡೆಯವರಲ್ಲ, ವಾಯುಪಡೆಯವರು. 1968ರಲ್ಲಿ ಇಲ್ಲಿನ ಮೂರು ಪಡೆಗಳನ್ನು ಒಂದು ಮಾಡಿದ್ದರ ಫಲ ಅದು. ಹಾಗಾಗಿ ನೌಕಾಪಡೆಗೆ ಅರ್ಜಿ ಹಾಕಿ ಕಾಯುತ್ತ ಕೂರಬೇಡ. ನಾಗರಿಕತ್ವ ಇನ್ನೂ ಬಂದಿಲ್ಲದಿದ್ದರೂ, ಕಾಯಂ ನಿವಾಸಿಗಳು ಅರ್ಜಿ ಹಾಕಬಹುದು ಎಂದು 2022ರಲ್ಲಿ ನಿಯಮ ಬದಲಿಸಿದ್ದಾರೆ. ಕೊನೆಯ ತರಬೇತಿ ಶಿಯರ್‌ವಾಟರ್‌ನಲ್ಲಿ, ಹ್ಯಾಲಿಫ್ಯಾಕ್ಸ್‌ನ ಎದುರು ದಡದಲ್ಲಿ. ಅಲ್ಲಿನ ಮ್ಯೂಸಿಯಂಗೆ ಅಮ್ಮನನ್ನೂ ಕರೆದುಕೊಂಡು ಹೋಗು, 55 ವರ್ಷ ಹಾರಿದ ಸೀ ಕಿಂಗ್ ನೋಡಬಹುದು. ಹೆಣ್ಣುಮಕ್ಕಳ ಮಾತು ಬಂದರೆ, ಇಲ್ಲಿ 1989ರಿಂದಲೇ ಬಾಗಿಲು ತೆರೆದಿದೆ. ನಮ್ಮ ದೇಶದಲ್ಲಿ ಸ್ವಲ್ಪ ತಡವಾಯಿತು. ಶಿವಾಂಗಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆಗಿದ್ದು 2019ರ ಡಿಸೆಂಬರ್ 2ರಂದು. ಮರುವರ್ಷ ಕುಮುದಿನಿ ತ್ಯಾಗಿ, ರೀತಿ ಸಿಂಗ್ ಯುದ್ಧನೌಕೆಯ ಹೆಲಿಕಾಪ್ಟರುಗಳಿಗೆ ಆಯ್ಕೆಯಾದರು. 2025ರಲ್ಲಿ ಆಸ್ಥಾ ಪೂನಿಯಾ ಯುದ್ಧವಿಮಾನದ ತರಬೇತಿಗೆ ಹೋದರು.

ಮತ್ತೆ 18 ತುಂಬುವ ಮೊದಲು ಏರ್ ಕೆಡೆಟ್‌ಗೆ ಸೇರು. ಹಾರುವುದು ಇಷ್ಟವೋ, ಹಾರುವವಳು ಅನ್ನಿಸಿಕೊಳ್ಳುವುದು ಇಷ್ಟವೋ ಅಲ್ಲಿ ತಿಳಿಯುತ್ತದೆ. ಎರಡನೆಯದಾದರೆ ಬಿಟ್ಟುಬಿಡು, ಅದರಲ್ಲಿ ಅವಮಾನ ಇಲ್ಲ.

ಹೆದರಿಕೆ ಆಗಿತ್ತೇ ಎಂದು ಹಲವರು ಕೇಳಿದ್ದೀರಿ. ಮೇಲೆ ಇರುವಾಗ ಕೈತುಂಬ ಕೆಲಸ ಇರುತ್ತಿತ್ತು. ಹೆದರಿಕೆ ಆಗುತ್ತಿದ್ದದ್ದು ಇಳಿದ ಮೇಲೆ, ಹೆಲ್ಮೆಟ್ ತೆಗೆದು ಚಹಾ ಲೋಟ ಹಿಡಿದಾಗ. ಲೋಟ ಅಲುಗಾಡುತ್ತಿತ್ತು. ಹಡಗು ಅಲುಗಾಡುವುದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ, ಅದೊಂದು ಅನುಕೂಲ.

ಊಟದ ಗಂಟೆ ಆಗಿದೆ, ಬಿಸಿಬೇಳೆಭಾತಿನ ವಾಸನೆ ಇಲ್ಲಿಗೇ ಬರುತ್ತಿದೆ. ನನ್ನ ಲಾಗ್‌ಬುಕ್ ತಂದಿದ್ದೇನೆ. ಕಿಟಕಿ ಪಕ್ಕದ ಮೂರನೇ ಮೇಜಿನಲ್ಲಿ ಕೂತಿರುತ್ತೇನೆ, ಯಾರು ಬೇಕಾದರೂ ಬಂದು ನೋಡಬಹುದು. ಆ ಎಡಕ್ಕೆ ವಾಲಿದ ರಾತ್ರಿಯ ಪುಟದ ಮೂಲೆ ಮಡಚಿಟ್ಟಿದ್ದೇನೆ. ಹಸಿರು ಪೆನ್ನಿನವರು ಅದನ್ನು ಓದಲು ಬರುವುದಾದರೆ ಇಬ್ಬರೂ ಒಟ್ಟಿಗೆ ಬನ್ನಿ.